ಗೀಟಿನ ಕೆಳಗಿನ ಹೆಸರು

ಗೋರಖೇವಿ,
ಮಾರ್ಚ್ 9, 1997

ತಮ್ಮಾ ಎರ್ಮಿಲೆ,

ಈ ಕಾಗದವನ್ನು ಬಸ್ಸಿನ ಝೋರಾನ ಕೈಯಲ್ಲಿ ಕಳಿಸುತ್ತಿದ್ದೇನೆ. ಟಪಾಲಿನವರನ್ನು ನಂಬಿದರೆ ನಿನಗಿದು ಮುಂದಿನ ವರ್ಷ ಸಿಗುತ್ತದೆ, ಅಷ್ಟು ಹೊತ್ತಿಗೆ ನನ್ನ ಕೋಪ ಹಳಸಿರುತ್ತದೆ. ಬಿಸಿಯಿದ್ದಾಗಲೇ ಓದು.

ತೆಡೋ ಊರಿಗೆ ಬಂದಿದ್ದಾನೆ. ಅವನೇ, ಮಾಸ್ಕೋದಲ್ಲಿ ಪೆಟ್ರೋಲು ಮಾರಿ ಕೊಬ್ಬಿದವನು. ನಮ್ಮ ಚರ್ಚಿನ ಸೂರು ಸರಿ ಮಾಡಿಸುತ್ತಾನಂತೆ. ಮಾಡಿಸಲಿ, ಸೋರುತ್ತಿತ್ತು. ಹೊಸ ಗಂಟೆ ತರಿಸುತ್ತಾನಂತೆ, ತರಿಸಲಿ. ಆದರೆ ಇವತ್ತು ಪ್ರಾರ್ಥನೆ ಮುಗಿದ ಮೇಲೆ ಪಾದ್ರಿ ಅನಾನಿಯಾ ನಮ್ಮನ್ನೆಲ್ಲ ದಕ್ಷಿಣದ ಗೋಡೆಯ ಮುಂದೆ ನಿಲ್ಲಿಸಿ, "ಈ ಕಲ್ಲಿನ ಮೇಲಿರೋ ಹೆಸರನ್ನ ಪೂರ್ತಿ ಮಾಡಿಸ್ತೀವಿ" ಎಂದರು.

"ಅದೇನು ಅರ್ಧಕ್ಕೆ ಬಿಟ್ಟಿರೋ ಸ್ವೆಟರಾ, ಪೂರ್ತಿ ಮಾಡೋಕೆ?" ಎಂದೆ ನಾನು.

ಪಾದ್ರಿಗಳು ಊರಿಗೆ ಬಂದದ್ದು ಮೊನ್ನೆ ಮೊನ್ನೆ, ನಮಗೇ ನಮ್ಮ ಗೋಡೆ ಓದಿಸಲು ಶುರುಮಾಡಿದರು. "ನೋಡು ದಾರೋ, ಇಲ್ಲಿ ಬರೆದಿರೋದು ಇಷ್ಟು. ಕ್ರಿಸ್ತನೇ, ಈ ಆಲಯ ಕಟ್ಟಿದ ತ–ಎ ಯನ್ನ ಕರುಣಿಸು. ಹೆಸರಿನ ಮೊದಲಕ್ಷರ, ಕೊನೆಯಕ್ಷರ ಮಾತ್ರ ಇವೆ, ಮೇಲೊಂದು ಗೀಟು. ಗೀಟು ಹಾಕಿದ್ರೆ ನಡುವಿನ ಅಕ್ಷರ ನುಂಗಿದಾರೆ ಅಂತ ಅರ್ಥ. ನುಂಗಿದ್ದನ್ನ ನಾವು ಬರೆದುಬಿಡೋಣ. ತೆವ್ದೋರೆ."

ತೆವ್ದೋರೆ! ತೆಡೋನ ಪೂರ್ತಿ ಹೆಸರು! ಅವನು ಪಕ್ಕದಲ್ಲೇ ಮದುವೆ ಗಂಡಿನ ಹಾಗೆ ನೆಲ ನೋಡುತ್ತ ನಿಂತಿದ್ದ.

ನನಗೆ ಮೈಯೆಲ್ಲ ಉರಿಯಿತು. "ತೆಕ್ಲೆ ಅಂತ ಯಾಕಿರಬಾರದು? ಊರು ಹುಟ್ಟಿದಾಗಿನಿಂದ ಎಲ್ಲರೂ ಅದನ್ನ ತೆಕ್ಲೆ ಅಂತಲೇ ಓದ್ತಿದಾರೆ. ಹಾಗಂತಲೇ ಮನೆಮನೆಯಲ್ಲೂ ಒಬ್ಬ ತೆಕ್ಲೆ ಇದಾಳೆ" ಎಂದೆ.

"ಹೆಣ್ಣು ಅಂತ ಎಲ್ಲಿ ಬರೆದಿದೆಯಮ್ಮಾ?"

"ಗಂಡು ಅಂತ ಎಲ್ಲಿ ಬರೆದಿದೆ? ನಮ್ಮ ಭಾಷೆಯಲ್ಲಿ ಅವನು ಅವಳು ಅನ್ನೋ ಭೇದವೇ ಇಲ್ಲ. ನಿಮಗೆ ಮೀಸೆ ಎಲ್ಲಿ ಕಾಣಿಸ್ತು ಪಾದ್ರಿಗಳೇ?"

ಹೆಂಗಸರೆಲ್ಲ ನಕ್ಕರು. ಪಾದ್ರಿಗಳ ಕಿವಿ ಕೆಂಪಾಯಿತು. ಆದರೆ ನಗುವಿನಿಂದ ಗೋಡೆ ಉಳಿಯುವುದಿಲ್ಲ. ನಿನಗೆ ನೆನಪಿರಬೇಕು, ಆ ಎರಡಕ್ಷರ ಸಾಲಿನ ಕೊನೆಯಲ್ಲಿವೆ, ಆಮೇಲೆ ಕಲ್ಲಿನ ಅಂಚಿನವರೆಗೂ ಖಾಲಿ. ಹಳೆಯದನ್ನು ಅಳಿಸುವ ಶ್ರಮವೂ ಇಲ್ಲ. ಆ ತ, ಎ ಮುಂದೆ ವ, ದ, ಒ, ರ, ಎ ಎಂದು ಐದಕ್ಷರ ಸೇರಿಸಿದರೆ ಸಾವಿರದ ನಾನೂರು ವರ್ಷದ ಪ್ರಾರ್ಥನೆ ತೆಡೋನ ಜೇಬಿಗೆ ಬೀಳುತ್ತದೆ.

ಅಮ್ಮ ನಮ್ಮಿಬ್ಬರ ಬೆರಳು ಹಿಡಿದು ಆ ಅಕ್ಷರಗಳ ಮೇಲೆ ಓಡಿಸುತ್ತಿದ್ದಳು. "ತೆಕ್ಲೆ. ಇದು ನಾನು" ಎನ್ನುತ್ತಿದ್ದಳು. ಅವಳ ಸಮಾಧಿಯ ಮೇಲೆ ಹೆಸರು ಬೇಡ, ಗೋಡೆಯ ಮೇಲಿದೆಯಲ್ಲ ಎಂದು ಹೇಳಿಯೇ ಸತ್ತಳು.

ರುಸ್ತಾವಿಯಿಂದ ರಾಜಧಾನಿಯವರೆಗೆ ಉಳಿ ಹಿಡಿದವರೆಲ್ಲ ನಿನಗೆ ಗೊತ್ತು. ಒಬ್ಬನೂ ಈ ಕೆಲಸ ಒಪ್ಪಬಾರದು. ಒಪ್ಪಿದವನ ಕೈ ಸೇದಿಹೋಗಲಿ ಎಂದು ಹೇಳು.

ನಿನ್ನ ಅಕ್ಕ
ದಾರೋ


ರುಸ್ತಾವಿ,
ಮಾರ್ಚ್ 21, 1997

ಪ್ರೀತಿಯ ಅಕ್ಕಾ,

ನಿನ್ನ ಕಾಗದ ಕೊಡುವಾಗ ಝೋರಾ, "ಬಿಸಿಯಾಗಿದೆ, ಹುಷಾರು" ಎಂದ. ಓದಿದನೋ ಏನೋ.

ಇಲ್ಲಿ ಎಂದಿನಂತೆಯೇ. ಕರೆಂಟು ಬಂದರೆ ಹಬ್ಬ. ಯಂತ್ರದ ಗರಗಸ ಮೂಲೆಯಲ್ಲಿ ಕೂತಿದೆ, ಸಮಾಧಿಗಳ ಕರಿಕಲ್ಲನ್ನು ಕೈಯಲ್ಲೇ ಕುಯ್ಯುತ್ತೇನೆ. ಭುಜ ಬಿದ್ದುಹೋಗುತ್ತದೆ. ಸತ್ತವರಿಗೆ ಮಾತ್ರ ಬಿಡುವಿಲ್ಲ.

ಗೋಡೆಯ ವಿಷಯ. ಕೋಪ ಮಾಡಿಕೊಳ್ಳಬೇಡ, ಸ್ವಲ್ಪ ಯೋಚಿಸು. ಅದು ತೆಕ್ಲೆ ಎನ್ನುವುದಕ್ಕೂ ಆಧಾರವಿಲ್ಲ. ತೆವ್ದೋರೆ ಇರಬಹುದು, ತಾದೆ ಇರಬಹುದು, ತೆಯೋಫಾನೆ ಇರಬಹುದು. ಬರೆದವರನ್ನು ಕೇಳಲು ಆಗುವುದಿಲ್ಲ. ತೆಡೋ ಕೆಟ್ಟವನೇ ಇರಬಹುದು, ಆದರೆ ಊರಿಗೆ ಟ್ರಾನ್ಸ್‌ಫಾರ್ಮರ್ ತರಿಸಿದ್ದು ಅವನೇ ಅಲ್ಲವೇ? ಒಂದು ಗೋಡೆಗಾಗಿ ಊರಿನವರ ಜೊತೆ ಯಾಕೆ ಹಗೆ?

ಅಂದಹಾಗೆ, ಆ ಕಲ್ಲು ಹಳದಿಯದೋ, ಹಸಿರು ಛಾಯೆಯದೋ? ನನಗೆ ಮರೆತಿದೆ. ಅಕ್ಷರಗಳು ಈಗ ಎಷ್ಟು ಆಳ ಉಳಿದಿವೆ? ಮಂಜು ತಿಂದು ಸವೆದಿರಬೇಕು. ಸುಮ್ಮನೆ ಕೇಳಿದೆ.

ಎರ್ಮಿಲೆ


ಗೋರಖೇವಿ,
ಏಪ್ರಿಲ್ 4, 1997

ತಮ್ಮಾ,

ಮೊದಲರ್ಧ ಓದಿ ನಿನ್ನ ಕಾಗದವನ್ನು ಒಲೆಗೆ ಹಾಕಬೇಕೆಂದಿದ್ದೆ. ಟ್ರಾನ್ಸ್‌ಫಾರ್ಮರ್ ಕೊಟ್ಟವನಿಗೆ ಅಮ್ಮನನ್ನೂ ಕೊಡಬೇಕೇ? ನಾಳೆ ಕೊಳಾಯಿ ಹಾಕಿಸಿದರೆ ಅಪ್ಪನನ್ನೂ ಕೊಡೋಣವೇ?

ಆದರೆ ಕೊನೆಯರ್ಧ ಓದಿ ಸಮಾಧಾನವಾಯಿತು. ಬಾಯಲ್ಲಿ ಬುದ್ಧಿ ಹೇಳಿದರೂ ನಿನ್ನೊಳಗೆ ಉರಿಯುತ್ತಿದೆ ಎಂದು ತಿಳಿಯಿತು. ಸ್ಮಾರಕ ಇಲಾಖೆಗೆ ಅರ್ಜಿ ಬರೆಯಲು ತಾನೇ ಇದೆಲ್ಲ ಕೇಳಿದ್ದು? ಕಲ್ಲು ಹಸಿರು ಛಾಯೆಯದು, ಮೆತ್ತಗಿದೆ, ಉಗುರು ಕೊರೆದರೂ ಗೆರೆ ಬೀಳುತ್ತದೆ. ಅಕ್ಷರಗಳಲ್ಲಿ ಕಿರುಬೆರಳಿನ ಉಗುರಿನಷ್ಟು ಆಳ ಉಳಿದಿದೆ. ನಿನಗಾಗಿ ಕಾಗದ ಇಟ್ಟು ಇದ್ದಿಲು ತಿಕ್ಕಿ ಅಚ್ಚು ತೆಗೆದಿದ್ದೇನೆ, ಇದರ ಜೊತೆಗಿದೆ. ಚೆನ್ನಾಗಿ ಬರಿ. ನಿನ್ನ ಕೈಬರಹ ನನ್ನದಕ್ಕಿಂತ ಲೇಸು.

ತೆಡೋ ಮೊನ್ನೆ ಮನೆಗೇ ಬಂದಿದ್ದ. ವೈನ್ ತಂದಿದ್ದ, ನಾನು ಲೋಟ ಇಡಲಿಲ್ಲ.

"ದಾರೋ ಅಕ್ಕಾ, ನಿಮ್ಮಮ್ಮ ದೊಡ್ಡ ಹೆಂಗಸು. ಆದ್ರೆ ಚರ್ಚು ಕಟ್ಟಿದ್ದು ನಿಮ್ಮಮ್ಮ ಅಲ್ಲವಲ್ಲ" ಎಂದ.

"ನೀನು ಕಟ್ಟಿದ್ಯಾ?"

"ಸೂರು ಕಟ್ಟಿಸ್ತಿದೀನಿ."

"ಹಾಗಾದ್ರೆ ಸೂರಿನ ಮೇಲೆ ಹತ್ತಿ ಬರ್ಕೋ. ಹದ್ದುಗಳು ಓದ್ಲಿ."

ಎದ್ದು ಹೋದ. ಬಾಗಿಲಲ್ಲಿ ನಿಂತು, "ಈಸ್ಟರ್ ದಿನ ನೋಡ್ತೀರಿ" ಎಂದ. ಅದೇ ನನಗೆ ಭಯ. ಮಗಳಿಗೆ ದಿನ ತುಂಬಿದೆ, ಬತುಮಿಯಿಂದ ಹೇಳಿಕಳಿಸಿದ್ದಾಳೆ. ಹೋಗದೆ ಇರಲಾರೆ, ಹೋದರೆ ಗೋಡೆ ಕಾಯುವವರಿಲ್ಲ. ಹೆಂಗಸರು ಕಾಯುತ್ತೇವೆ ಎನ್ನುತ್ತಾರೆ, ಗಂಡಂದಿರು ಗದರಿದರೆ ಒಳಗೆ ಹೋಗುತ್ತಾರೆ.

ನೀನು ಬರುತ್ತೀಯಾ? ಅಮ್ಮನ ಸಮಾಧಿಯ ಮೇಲೆ ಈ ಬಾರಿ ಈಸ್ಟರಿನ ಕೆಂಪು ಮೊಟ್ಟೆ ಉರುಳಿಸಲು ನಾನಿರುವುದಿಲ್ಲ. ನೀನು ಉರುಳಿಸು. ಹಾಗೆಯೇ ಗೋಡೆಯ ಮೇಲೂ ಒಂದು ಕಣ್ಣಿಡು.

ದಾರೋ


ರುಸ್ತಾವಿ,
ಏಪ್ರಿಲ್ 13, 1997

ಅಕ್ಕಾ,

ನಿಶ್ಚಿಂತೆಯಿಂದ ಹೊರಡು. ಮಗು ಮುಖ್ಯ. ಬಾಣಂತಿಯನ್ನು ಬಿಟ್ಟು ಬೇಗ ಬರಬೇಡ, ಈಸ್ಟರ್ ಕಳೆದು ಇನ್ನೂ ಹದಿನೈದು ದಿನ ಅಲ್ಲೇ ಇರು. ಅಮ್ಮನ ಮೊಟ್ಟೆ ನಾನು ಉರುಳಿಸುತ್ತೇನೆ.

ಅಚ್ಚು ಸಿಕ್ಕಿತು. ಚೆನ್ನಾಗಿ ಬಂದಿದೆ.

ಎರ್ಮಿಲೆ


ಗೋರಖೇವಿ,
ಮೇ 14, 1997

ಎರ್ಮಿಲೆ,

ಮೊಮ್ಮಗ ಹುಟ್ಟಿದ. ನಿನ್ನ ಹಣೆ, ನಿನ್ನ ಮೊಂಡು ಮೂಗು. ಅಮ್ಮನ ಸಮಾಧಿಗೆ ನೀನು ಬಂದು ಮೊಟ್ಟೆ ಉರುಳಿಸಿ, ವೈನ್ ಸುರಿದು ಹೋದೆ ಎಂದು ಪಕ್ಕದ ಮನೆಯ ಪೆಪೋ ಹೇಳಿದಳು. ಅದಕ್ಕೆ ನಿನಗೆ ಒಳ್ಳೆಯದಾಗಲಿ. ಒಳ್ಳೆಯ ಸುದ್ದಿ ಇಲ್ಲಿಗೆ ಮುಗಿಯಿತು.

ಕೆತ್ತಿಬಿಟ್ಟಿದ್ದಾರೆ. ಬಸ್ಸಿಳಿದು ಚೀಲ ಹೊತ್ತುಕೊಂಡೇ ಗೋಡೆಗೆ ಹೋದೆ. ತೆ-ವ್-ದೋ-ರೆ. ಹಳೆಯ ಎರಡಕ್ಷರ ಪಾಚಿಗಟ್ಟಿ ಕಪ್ಪಗಿವೆ, ಹೊಸ ಐದಕ್ಷರಗಳಿಗೂ ಮಸಿ ಮೊಸರು ಬಳಿದು ಮುದಿ ಮಾಡಿದ್ದಾರೆ. ಮೊಸರಿನ ವಾಸನೆ ಇನ್ನೂ ಹೋಗಿಲ್ಲ. ಯಾವ ನಾಯಿ ಕೆತ್ತಿತು ಎಂದು ಊರೆಲ್ಲ ಕೇಳಿದೆ. ಒಬ್ಬರೂ ಬಾಯಿ ಬಿಡುವುದಿಲ್ಲ. ಪೆಪೋ ನನ್ನ ಮುಖ ನೋಡದೆ, "ಬಂದೋನು ಧೂಳು ಅಂತ ಮುಖಕ್ಕೆ ಬಟ್ಟೆ ಕಟ್ಕೊಂಡಿದ್ದ ಕಣೇ, ನಾನು ಹೇಗೆ ಹೇಳ್ಲಿ" ಎಂದು ಅತ್ತಳು. ಅಳುವುದೇಕೆ? ನೀನೂ ಆ ದಿನಗಳಲ್ಲೇ ಬಂದಿದ್ದೆಯಲ್ಲ, ಯಾರೂ ಕಾಣಲಿಲ್ಲವೇ?

ಇನ್ನು ನಾನು ಮಾಡಿದ್ದು ಕೇಳು. ಅಪ್ಪನ ಸುತ್ತಿಗೆ ತಂದೆ. ಹಾಡಹಗಲು, ಎಲ್ಲರೂ ನೋಡುತ್ತಿದ್ದಂತೆ, ಆ ಐದಕ್ಷರಗಳನ್ನು ಪುಡಿ ಮಾಡಿದೆ. ಹಳೆಯ ಎರಡಕ್ಕೆ ಅಂಗೈ ಅಡ್ಡ ಹಿಡಿದುಕೊಂಡಿದ್ದೆ, ಚೂರು ಹಾರಿ ಬೀಳದಿರಲಿ ಎಂದು. ಕೈಗೂ ಪೆಟ್ಟಾಗಿದೆ, ಹಾಳಾಗಲಿ.

ಪೊಲೀಸರು ಬಂದರು. ತನಿಖೆ ಅಧಿಕಾರಿ ಚಿಕ್ಕವನು, ಪಾಪದವನು, ಮೇಣದಬತ್ತಿ ಹಚ್ಚಿಕೊಂಡು ಬರೆಯುತ್ತಿದ್ದ.

"ಅಮ್ಮಾ, ಆರನೇ ಶತಮಾನದ ಅಕ್ಷರ ಒಡೆದಿದೀರಿ. ಜೈಲಾಗುತ್ತೆ."

"ಆರನೇ ಶತಮಾನ ಅಲ್ಲಪ್ಪಾ, ಹೋದ ತಿಂಗಳದು."

"ಪಾದ್ರಿಗಳು, ತೆವ್ದೋರೆ ಅವರು ರುಜು ಹಾಕಿಕೊಟ್ಟಿದಾರೆ. ಪಾಚಿ ತೆಗೆದಾಗ ಒಳಗಿದ್ದ ಅಕ್ಷರ ಕಾಣಿಸ್ತಂತೆ."

ನೋಡಿದೆಯಾ? ಕೆತ್ತಿದವರು ಪುಣ್ಯವಂತರು, ಒಡೆದವಳು ಕಳ್ಳಿ. ಇಲಾಖೆಯವರು ಬಂದು ಪರೀಕ್ಷಿಸಲು ಪೆಟ್ರೋಲಿಲ್ಲವಂತೆ. ಪೆಟ್ರೋಲಿರುವುದು ತೆಡೋನ ಹತ್ತಿರ. ಕಲ್ಲುಕೆಲಸ ಬಲ್ಲವರು ಯಾರಾದರೂ ಬಂದು ಅಕ್ಷರಗಳು ಹಳೆಯವೋ ಹೊಸವೋ ಎಂದು ಕೋರ್ಟಿನಲ್ಲಿ ಹೇಳಿದರೆ ಸಾಕು ಎಂದ ಆ ಹುಡುಗ. ನಿನ್ನ ಹೆಸರು ಕೊಟ್ಟೆ. ಒಡಹುಟ್ಟಿದವನಾದರೆ ನಡೆಯುತ್ತದೆಯೇ ಎಂದು ಕೇಳಿದೆ. "ಈ ಜಿಲ್ಲೆಯಲ್ಲಿ ಯಾರು ಯಾರಿಗೆ ನೆಂಟರಲ್ಲ ಹೇಳಿ" ಎಂದ.

ಜೂನ್ ಹದಿನೇಳಕ್ಕೆ ವಿಚಾರಣೆ. ಬಾ. ನೋಡಿದ ಕೂಡಲೇ ನಿನಗೆ ತಿಳಿಯುತ್ತದೆ. ಯಾವನ ಕೈ ಎಂಬುದೂ ತಿಳಿದೀತು.

ದಾರೋ


ರುಸ್ತಾವಿ,
ಮೇ 23, 1997

ಅಕ್ಕಾ,

ಹುಚ್ಚು ಕೆಲಸ ಮಾಡಿದೆ. ಸುತ್ತಿಗೆ ಹಿಡಿಯುವ ವಯಸ್ಸೇ ಇದು? ಊರವರು ಏನೆಂದುಕೊಂಡಾರು?

ನನಗೆ ತಿಳಿದವರೊಬ್ಬರ ಮೂಲಕ ತೆಡೋನನ್ನು ಮಾತಾಡಿಸಿದೆ. ಅವನೇನೂ ರಾಕ್ಷಸನಲ್ಲ. ನೀನು ಚರ್ಚಿನ ಅಂಗಳದಲ್ಲಿ ನಿಂತು, ಸಿಟ್ಟಿನಲ್ಲಿ ತಪ್ಪಾಯಿತು ಎಂದುಬಿಟ್ಟರೆ ದೂರು ವಾಪಸ್ ತೆಗೆದುಕೊಳ್ಳುತ್ತಾನೆ. ಒಂದು ಮಾತು ಅಷ್ಟೇ. ಮೊಮ್ಮಗನನ್ನು ಎತ್ತಿ ಆಡಿಸಬೇಕಾದವಳು ಜೈಲಿನಲ್ಲಿ ಕೂರುತ್ತೀಯಾ?

ನಾನು ಬಂದದ್ದು ನಿಜ. ಸಮಾಧಿಗೆ ಮಾತ್ರ ಹೋಗಿ ಮರಳಿದೆ, ಚರ್ಚಿನ ಕಡೆ ಹೋಗಲಿಲ್ಲ, ಹಾಗಾಗಿ ಯಾರೂ ಕಾಣಲಿಲ್ಲ. ಸಾಕ್ಷಿಗೆ ನನ್ನನ್ನು ಕರೆಯಬೇಡ. ನಾನು ಸಮಾಧಿ ಕಲ್ಲಿನವನು, ಹಳೆಯ ಲಿಪಿಯ ಪಂಡಿತನಲ್ಲ.

ಮತ್ತೆ, ಕೆತ್ತಿದವನನ್ನು ನಾಯಿ ಎನ್ನಬೇಡ. ಅವನಿಗೂ ಏನೋ ಕಷ್ಟವಿರಬಹುದು. ಹಳೆಯ ಎರಡಕ್ಷರಗಳ ಮೇಲಿನ ಗೀಟನ್ನಂತೂ ಅವನು ಮುಟ್ಟದೆ ಬಿಟ್ಟಿದ್ದಾನೆ. ಅಷ್ಟು ಮರ್ಯಾದೆ ಅವನಿಗಿತ್ತು ಎಂದುಕೋ.

ಎರ್ಮಿಲೆ


ಗೋರಖೇವಿ,
ಮೇ 30, 1997

ಎರ್ಮಿಲೆ,

ಚರ್ಚಿನ ಕಡೆ ಹೋಗಲಿಲ್ಲ ಎನ್ನುತ್ತೀಯ. ಗೀಟು ಉಳಿದಿದೆ ಎಂದು ನಾನು ನಿನಗೆ ಬರೆದಿಲ್ಲ. ನನ್ನ ಕಾಗದದಲ್ಲಿ ಆ ಮಾತೇ ಇಲ್ಲ. ನನ್ನ ಕಣ್ಣಿಗೇ ಅದು ಬಿದ್ದಿರಲಿಲ್ಲ. ನಿನ್ನ ಕಾಗದ ಓದಿದ ಮೇಲೆ ಎದ್ದು ಹೋಗಿ ನೋಡಿದೆ. ಇದೆ.

ಪೆಪೋ ಯಾಕೆ ಅತ್ತಳೆಂದು ಈಗ ಗೊತ್ತಾಯಿತು. ಊರಿಗೆ ಊರೇ ನನ್ನ ಮುಖ ನೋಡದೆ ಯಾಕೆ ನಡೆಯುತ್ತಿತ್ತೆಂದೂ ಗೊತ್ತಾಯಿತು. ಬತುಮಿಯಲ್ಲಿ ಇನ್ನೂ ಹದಿನೈದು ದಿನ ಇರು ಎಂದೆಯಲ್ಲ, ನನ್ನ ತಮ್ಮನಿಗೆ ನನ್ನ ಮೇಲೆಷ್ಟು ಅಕ್ಕರೆ ಎಂದು ಮಗಳ ಮುಂದೆ ಕೊಚ್ಚಿಕೊಂಡಿದ್ದೆ. ಕಲ್ಲು ಹಳದಿಯೋ ಹಸಿರೋ, ಅಕ್ಷರ ಎಷ್ಟು ಆಳ ಎಂದು ಕೇಳಿದೆ, ನಾನು ಮೂರ್ಖಳು, ಇದ್ದಿಲು ತಿಕ್ಕಿ ಅಚ್ಚು ತೆಗೆದು ಕಳಿಸಿದೆ. ಅಳತೆಗೆ ಅದೇ ಅಲ್ಲವೇ ನಿನಗೆ ಅನುಕೂಲವಾದದ್ದು?

ಯಾವ ಕೈಯಲ್ಲಿ ಅಮ್ಮನ ಮೇಲೆ ಮೊಟ್ಟೆ ಉರುಳಿಸಿದೆಯೋ, ಅದೇ ಕೈಯಲ್ಲಿ ಅವಳ ಹೆಸರು ಕಿತ್ತುಕೊಂಡೆ. ಮೊದಲು ಯಾವುದು ಮಾಡಿದೆ? ಮೊಟ್ಟೆಯೋ, ಅಕ್ಷರವೋ?

ನಾನು ಕ್ಷಮೆ ಕೇಳುವುದಿಲ್ಲ. ತೆಡೋನ ಹತ್ತಿರವೂ ಇಲ್ಲ, ಯಾರ ಹತ್ತಿರವೂ ಇಲ್ಲ. ಕೋರ್ಟಿನಲ್ಲಿ ನಿನ್ನ ಹೆಸರನ್ನು ನಾನು ಹೇಳುವುದೂ ಇಲ್ಲ. ತಮ್ಮನನ್ನು ಹಿಡಿದುಕೊಟ್ಟು ತಾನು ಬಿಡಿಸಿಕೊಂಡಳು ಎಂದು ಅನ್ನಿಸಿಕೊಳ್ಳಲಾರೆ. ಸಾಕ್ಷಿಗೆ ನಿನಗೆ ಕರೆ ಬರುತ್ತದೆ. ಹಳೆಯ ಅಕ್ಷರ ಎಂದರೆ ನಾನು ಒಳಗೆ. ಹೊಸ ಅಕ್ಷರ ಎಂದರೆ, ಕೆತ್ತಿದ್ದು ಯಾರು ಎಂದು ಕೇಳುತ್ತಾರೆ. ಎರಡರಲ್ಲಿ ಯಾವುದು ಬೇಕೋ ನಿನ್ನ ಬಾಯಿಂದಲೇ ಹೇಳು. ನಾನು ಮುಂದಿನ ಬೆಂಚಿನಲ್ಲಿ ಕೂತಿರುತ್ತೇನೆ.

ಅಕ್ಕ ಎಂದು ಬರೆಯಲು ಕೈ ಬರುತ್ತಿಲ್ಲ, ಪೂರ್ತಿ ಹೆಸರು ಬರೆಯುತ್ತೇನೆ.

ದಾರೆಜಾನ್


ರುಸ್ತಾವಿ,
ಜೂನ್ 8, 1997

ಅಕ್ಕಾ,

ಅಕ್ಕ ಎಂದು ನೀನು ಬರೆಯದಿದ್ದರೂ ನಾನು ಬರೆಯುತ್ತೇನೆ. ನಿನಗೆ ಮಾತ್ರವೇ ಸಿಟ್ಟು ಬರುತ್ತದೆಯೇ?

ಅಮ್ಮ, ಗೋಡೆ, ಅಮ್ಮ, ಗೋಡೆ. ನಾನು ಇಲ್ಲಿ ಏನು ಮಾಡುತ್ತೇನೆಂದು ಒಂದು ಸಲವಾದರೂ ಕೇಳಿದ್ದೀಯಾ? ಯುದ್ಧ ಮುಗಿದು ನಾಲ್ಕು ವರ್ಷವಾಯಿತು, ಸುಖುಮಿಯಲ್ಲಿ ಸತ್ತ ಹುಡುಗರ ಸಮಾಧಿ ಕಲ್ಲುಗಳು ಇನ್ನೂ ಬರುತ್ತಲೇ ಇವೆ. ಹತ್ತೊಂಬತ್ತು, ಇಪ್ಪತ್ತರ ಮುಖಗಳು. ಕರಿಕಲ್ಲಿನ ಮೇಲೆ ಚುಕ್ಕೆ ಚುಕ್ಕೆಯಾಗಿ ಹೊಡೆಯಬೇಕು. ತಾಯಂದಿರು ಪಕ್ಕದಲ್ಲೇ ನಿಂತಿರುತ್ತಾರೆ. "ಮೂಗು ಇಷ್ಟು ದಪ್ಪ ಇರಲಿಲ್ಲ ಮಗಾ, ಸ್ವಲ್ಪ ಸಣ್ಣ ಮಾಡು" ಎನ್ನುತ್ತಾರೆ. ಕಲ್ಲಿನಲ್ಲಿ ಮೂಗನ್ನು ಸಣ್ಣ ಮಾಡುವುದು ಹೇಗೆ? ಅದನ್ನು ಅವರಿಗೆ ಹೇಳುವುದು ಹೇಗೆ? ರಾತ್ರಿ ಊಟಕ್ಕೆ ಕೂತರೆ ತಟ್ಟೆಯಲ್ಲಿ ಅದೇ ಮುಖಗಳು.

ತೆಡೋ ಬಂದು, ನನ್ನ ಹೆಸರು ಕೆತ್ತು ಎಂದ. ಬದುಕಿರುವವನ ಹೆಸರು! ಕೆಳಗೆ ತಾರೀಕು ಬೇಡ, ಮುಖ ಬೇಡ, ಪಕ್ಕದಲ್ಲಿ ಅಳುವವರಿಲ್ಲ. ಜನರೇಟರ್ ಕೊಡುತ್ತೇನೆ ಎಂದೂ ಹೇಳಿದ, ಅದೂ ನಿಜ. ಆದರೆ ಅದನ್ನು ಕೊಡದಿದ್ದರೂ ಒಪ್ಪುತ್ತಿದ್ದೆನೋ ಏನೋ. ಕೆತ್ತುವಾಗ ಎಷ್ಟೋ ವರ್ಷಗಳ ಮೇಲೆ ಹಾಡು ಗುನುಗಿದೆ. ಅದನ್ನು ನೆನೆದರೆ ಈಗ ನನಗೇ ಅಸಹ್ಯ.

ಗೀಟನ್ನು ಕೆರೆದು ಹಾಕಿದ್ದರೆ ಯಾವ ಅನುಮಾನವೂ ಬರುತ್ತಿರಲಿಲ್ಲ. ಅಲ್ಲಿಗೆ ಮಾತ್ರ ಕೈ ಹೋಗಲಿಲ್ಲ.

ಮನೆಯಲ್ಲಿ ಹೆಂಡತಿ, ಓದುವ ಮಕ್ಕಳು. ನಾನು ಒಳಗೆ ಹೋದರೆ ಅವರಿಗೆ ಯಾರು? ಇದಕ್ಕೆ ಉತ್ತರ ಬರಿ. ಸಿಟ್ಟು ಬರೆಯಬೇಡ, ಉತ್ತರ ಬರಿ.

ಎರ್ಮಿಲೆ


ಗೋರಖೇವಿ,
ಜೂನ್ 19, 1997

ಎರ್ಮಿಲೆ,

ನಿನಗೆ ನಾನು ಉತ್ತರ ಬರೆಯಲಿಲ್ಲ. ನನ್ನ ಹತ್ತಿರ ಉತ್ತರ ಇರಲಿಲ್ಲ, ಅದಕ್ಕೆ. ಈಗ ಜಿಲ್ಲಾ ಠಾಣೆಯ ವಿಳಾಸಕ್ಕೆ ಬರೆಯುತ್ತಿದ್ದೇನೆ. ಝೋರಾ ಕಾವಲಿನವನಿಗೆ ಪರಿಚಯವಂತೆ, ತಲುಪಿಸುತ್ತಾನೆ.

ನಿನ್ನನ್ನು ಕರೆದೊಯ್ದ ಮೇಲೆ ನಡೆದದ್ದು ನಿನಗೆ ಗೊತ್ತಿಲ್ಲ. "ನಾನೇ ಕೆತ್ತಿದ್ದು" ಎಂದ ನಿನ್ನನ್ನು ಹೊರಗೆ ಕರೆದೊಯ್ದದ್ದೇ ತಡ, ತೆಡೋ ಎದ್ದು ಕೂಗಾಡಿದ. ಅಕ್ಕನನ್ನು ಉಳಿಸಲು ಸುಳ್ಳು ಹೇಳುತ್ತಿದ್ದಾನೆ ಎಂದ. ನ್ಯಾಯಾಧೀಶೆ ಗೋಡೆಯ ಫೋಟೋ ತರಿಸಿ, ಪಾದ್ರಿಗಳ ಮುಂದೆ ಹಿಡಿದು, "ಅಕ್ಷರ ನುಂಗಿದ್ರೆ ತಾನೇ ಗೀಟು? ಹೆಸರು ಮೊದಲಿಂದ ಪೂರ್ತಿ ಇದ್ದಿದ್ರೆ ಈ ಗೀಟು ಯಾಕೆ ಪಾದ್ರಿಗಳೇ?" ಎಂದು ಕೇಳಿದಳು. ಪಾದ್ರಿಗಳು ಗಡ್ಡ ನೀವಿಕೊಂಡರು. ಕನ್ನಡಕ ತೆಗೆದು ಒರೆಸಿಕೊಂಡರು. ನನ್ನನ್ನು ಬಿಟ್ಟರು.

ಬಿಟ್ಟರೆಂದು ಕುಣಿದಾಡಿದೆ ಎಂದುಕೊಳ್ಳಬೇಡ. ಮನೆಗೆ ಬಂದು ಕದ ಹಾಕಿಕೊಂಡು ಒಂದೇ ಸಮನೆ ಬೈದೆ. ತೆಡೋನನ್ನು, ಪಾದ್ರಿಯನ್ನು, ಬಾಯಿಗೆ ಬೀಗ ಹಾಕಿಕೊಂಡ ಊರನ್ನು, ಎಲ್ಲರಿಗಿಂತ ಹೆಚ್ಚಾಗಿ ನಿನ್ನನ್ನು. ಮೊದಲೇ ಹೇಳಿದ್ದರೆ? ಮಾರ್ಚಿನಲ್ಲೇ, ಅಕ್ಕಾ ಆ ನಾಯಿ ನಾನೇ ಎಂದಿದ್ದರೆ? ಒಂದು ವಾರ ಬೈದು ಸುಮ್ಮನಾಗುತ್ತಿದ್ದೆ. ನಿನ್ನ ಗರಗಸ ತಿರುಗಿಸಲು ನಾನೇ ಬರುತ್ತಿದ್ದೆ. ಆ ತಾಯಂದಿರ ಪಕ್ಕದಲ್ಲಿ ನಿಂತುಕೊಳ್ಳಲಾದರೂ ಬರುತ್ತಿದ್ದೆ. ಅದನ್ನು ಬರೆಯಲು ನಿನಗೆ ನಾನು ಜೈಲಿನ ಬಾಗಿಲಿಗೆ ಹೋಗಬೇಕಾಯಿತು.

ಇನ್ನೊಂದು ವಿಷಯ. ಕಟಕಟೆಯಲ್ಲಿ ಗುಮಾಸ್ತ ನಿನ್ನನ್ನು, "ಹೆಸರು? ತಂದೆ ಹೆಸರು?" ಎಂದು ಕೇಳಿದಾಗ ನಾನು ತಲೆ ತಗ್ಗಿಸಿ ಕೂತಿದ್ದೆ, ನಿನ್ನ ಮುಖ ನೋಡಬಾರದೆಂದು.

"ಎರ್ಮಿಲೆ. ತೆಕ್ಲೆ ಮಗ."

"ತಂದೆ ಹೆಸರು ಕೇಳಿದ್ದು."

"ಕೇಳಿಸ್ತು. ಬರ್ಕೊಳ್ಳಿ."

ಅವನು ಬರೆದುಕೊಂಡ. ಆಗ ತಲೆ ಎತ್ತಿದೆ. ನೀನು ನನ್ನ ಕಡೆ ನೋಡಲಿಲ್ಲ, ಒಳ್ಳೆಯದಾಯಿತು, ನನ್ನ ಮುಖ ನೋಡುವ ಹಾಗಿರಲಿಲ್ಲ.

ನಿನ್ನ ಹೆಂಡತಿ, ಮಕ್ಕಳು ನಿನ್ನೆ ಸಂಜೆಯ ಬಸ್ಸಿಗೆ ಇಲ್ಲಿಗೆ ಬಂದರು, ನಾನೇ ಕರೆಸಿಕೊಂಡೆ. ದೊಡ್ಡವನು ಗೋಡೆ ನೋಡಬೇಕೆಂದ, ಒಬ್ಬನೇ ಹೋಗಿ ಬಂದ. ವಕೀಲನಿಗೆ ಹೇಳಿದ್ದೇನೆ, ತಾನಾಗಿ ಒಪ್ಪಿಕೊಂಡವರಿಗೆ ಕಡಿಮೆಯಾಗುತ್ತದಂತೆ. ತೆಡೋ ಬೇರೆ ಉಳಿಯವನನ್ನು ಕರೆತರುತ್ತೇನೆ ಎಂದು ಅಂಗಡಿಯಲ್ಲಿ ಹೇಳಿದನಂತೆ. ಕರೆತರಲಿ. ಈಗ ಗೋಡೆಯ ಮುಂದೆ ಪೆಪೋ ಕುರ್ಚಿ ಹಾಕಿ ಕೂತಿದ್ದಾಳೆ, ಗಂಡ ಗದರಿದರೂ ಏಳುತ್ತಿಲ್ಲ.

ಈ ಬುಟ್ಟಿಯಲ್ಲಿ ಬೀನ್ಸ್ ತುಂಬಿದ ರೊಟ್ಟಿ ಇದೆ, ಉಪ್ಪು ಚೀಸು ಇದೆ. ಇದನ್ನು ಕ್ಷಮೆ ಎಂದು ತಿನ್ನಬೇಡ. ಹಸಿವಾಗಿದೆ ಎಂದು ತಿನ್ನು. ಸುತ್ತಿರುವ ಬಟ್ಟೆ ನನ್ನದು, ಬರುವಾಗ ಒಗೆದು ತಾ.

ಅಕ್ಕ